ಹಲ್ಲಿಯ ಕಾಲು, ಕಣ್ಣಿಗೆ ಕಾಣದ ಸ್ವಿಚ್ಚು

ಮಕ್ಕಳೇ, ಈ ವಾರದ ಪ್ರಶ್ನೆ ಸೊರಬದಿಂದ ಬಂದಿದೆ. ಏಳನೇ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳು ಕೇಳಿದ್ದಾಳೆ: "ಅಜ್ಜಾ, ಗೋಡೆಯ ಸ್ವಿಚ್ಚು ಒತ್ತಿದರೆ ಟಕ್ ಅನ್ನುತ್ತದೆ. ಮೊಬೈಲಿನ ಒಳಗೆ ಕೋಟಿಗಟ್ಟಲೆ ಸ್ವಿಚ್ಚು ಇವೆ ಅಂತ ನಮ್ಮ ಮೇಷ್ಟ್ರು ಹೇಳಿದರು. ಅವು ಯಾಕೆ ಸದ್ದು ಮಾಡುವುದಿಲ್ಲ?"

ಪ್ರಶ್ನೆ ಚೆನ್ನಾಗಿದೆ. ಚಿಕ್ಕ ಉತ್ತರ ಇಷ್ಟೇ: ಗೋಡೆಯ ಸ್ವಿಚ್ಚಿನೊಳಗೆ ಲೋಹದ ಒಂದು ಪಟ್ಟಿ ಅಲ್ಲಾಡುತ್ತದೆ, ಮೊಬೈಲಿನ ಸ್ವಿಚ್ಚಿನಲ್ಲಿ ಏನೂ ಅಲ್ಲಾಡುವುದಿಲ್ಲ. ಆದರೆ ಕಳೆದ ಇಪ್ಪತ್ತೈದು ವರ್ಷಗಳಿಂದ ಕೆಲವು ವಿಜ್ಞಾನಿಗಳು ಮೊಬೈಲಿನದ್ದರಷ್ಟೇ ಸಣ್ಣದಾದ, ಆದರೆ ಗೋಡೆಯ ಸ್ವಿಚ್ಚಿನಂತೆ ನಿಜವಾಗಿ ಅಲ್ಲಾಡುವ ಸ್ವಿಚ್ಚನ್ನು ಮಾಡಲು ಕೂತಿದ್ದಾರೆ. ಅದರ ತೋಳು ಇಂಗಾಲದ ಒಂದು ಕೊಳವೆ. ಅಲ್ಲಾಡದ ಸ್ವಿಚ್ಚು ಚೆನ್ನಾಗಿಯೇ ನಡೆಯುತ್ತಿರುವಾಗ ಮತ್ತೆ ಅಲ್ಲಾಡುವುದು ಯಾಕೆ ಬೇಕು? ಮಾಡಿದ್ದಾರೆ ಅನ್ನುವುದಾದರೆ ಅದು ಅಂಗಡಿಗೆ ಯಾಕೆ ಬಂದಿಲ್ಲ? ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವಿಜ್ಞಾನದ ಮನೆಗೆ ಲೆಕ್ಕದ ಬಾಗಿಲಿನಿಂದಲೇ ಹೋಗುವುದು ನನ್ನ ರೂಢಿ. ಇವತ್ತೂ ಹಾಗೆಯೇ ಹೋಗೋಣ.

ತೋಟದ ಸ್ಟಾರ್ಟರ್

ಶಿಕಾರಿಪುರ, ಸೊರಬದ ಕಡೆ ಅಡಿಕೆ ತೋಟ ಇರುವ ಮನೆಯ ಮಕ್ಕಳಿಗೆಲ್ಲ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಗೊತ್ತು. ಹಸಿರು ಗುಂಡಿ ಒತ್ತಿದರೆ ಖಟಕ್ ಎಂದು ಮೋಟಾರು ಶುರು, ಕೆಂಪು ಗುಂಡಿ ಒತ್ತಿದರೆ ಬಂದ್. ಆ ಖಟಕ್ ಎಲ್ಲಿಂದ ಬಂತು? ಹಸಿರು ಗುಂಡಿ ಒತ್ತಿದಾಗ ಒಳಗಿನ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೆ, ಕರೆಂಟು ಹರಿಯುತ್ತದೆ. ಕರೆಂಟು ಹರಿದ ಕಾಯಿಲ್ ಅಯಸ್ಕಾಂತವಾಗುತ್ತದೆ. ಅದು ಎದುರಿನ ಕಬ್ಬಿಣದ ತುಂಡನ್ನು ಸೆಳೆಯುತ್ತದೆ. ಆ ತುಂಡಿನ ಜೊತೆಗಿರುವ ಮೂರು ಕಾಂಟ್ಯಾಕ್ಟ್‌ಗಳು ಹೋಗಿ ಎದುರಿನ ಮೂರಕ್ಕೆ ಬಡಿಯುತ್ತವೆ. ಮೂರೂ ಫೇಸು ಮೋಟಾರಿಗೆ ಸೇರುತ್ತವೆ. ಕರೆಂಟು ಹೋದರೆ ಅಯಸ್ಕಾಂತವೂ ಹೋಯಿತು, ಸ್ಪ್ರಿಂಗು ಕಾಂಟ್ಯಾಕ್ಟ್‌ಗಳನ್ನು ಹಿಂದಕ್ಕೆ ತಳ್ಳುತ್ತದೆ. ವಿದ್ಯುತ್ತಿನಿಂದ ಅಲ್ಲಾಡಿ ವಿದ್ಯುತ್ತನ್ನೇ ಸೇರಿಸುವ, ಬಿಡಿಸುವ ಇಂಥ ಸ್ವಿಚ್ಚಿಗೆ ರಿಲೇ ಎಂದು ಹೆಸರು. ಸ್ಟಾರ್ಟರಿನಲ್ಲಿರುವುದು ದಪ್ಪ ರಿಲೇ.

ಇದಕ್ಕೆ ಎರಡು ಕಾಯಿಲೆಗಳು. ಒಂದು, ಇರುವೆ ಅಥವಾ ಹಲ್ಲಿ ಒಳಗೆ ಸೇರಿಕೊಂಡು ಕಾಂಟ್ಯಾಕ್ಟ್‌ಗಳ ನಡುವೆ ಸಿಕ್ಕಿಕೊಳ್ಳುವುದು. ಮೂರರಲ್ಲಿ ಒಂದು ಸೇರದಿದ್ದರೂ ಮೋಟಾರು ಗುಂಯ್‌ಗುಡುತ್ತಾ ಸುಟ್ಟುಹೋಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಪ್ರತಿ ಸಲ ಕಾಂಟ್ಯಾಕ್ಟ್ ಸೇರುವಾಗ, ಬಿಡುವಾಗ ಕಿಡಿ ಹಾರುತ್ತದೆ. ವರ್ಷಗಟ್ಟಲೆ ಕಿಡಿ ತಿಂದ ಲೋಹ ಕರಗಿ ಒಂದಕ್ಕೊಂದು ಬೆಸೆದುಕೊಂಡುಬಿಟ್ಟರೆ, ಕೆಂಪು ಗುಂಡಿ ಒತ್ತಿದರೂ ಪಂಪು ನಿಲ್ಲುವುದಿಲ್ಲ. ಬಾವಿಯ ನೀರು ಬತ್ತಿದರೂ ಓಡುತ್ತಲೇ ಇರುತ್ತದೆ. ರಾತ್ರಿ ತ್ರೀಫೇಸ್ ಕೊಟ್ಟಾಗ ಟಾರ್ಚು ಹಿಡಿದು ತೋಟಕ್ಕೆ ಹೋಗುವ ಯಾವ ರೈತನನ್ನು ಬೇಕಾದರೂ ಕೇಳಿ. ಶುರುವಾಗದ ಪಂಪಿಗಿಂತ ನಿಲ್ಲದ ಪಂಪಿಗೆ ಅವನು ಹೆಚ್ಚು ಹೆದರುತ್ತಾನೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. (ಸ್ಟಾರ್ಟರ್ ಪೆಟ್ಟಿಗೆಯನ್ನು ಮಾತ್ರ ಮಕ್ಕಳು ಎಂದೂ ತೆರೆಯಬೇಡಿ. ಒಳಗಿರುವುದು 400 ವೋಲ್ಟ್‌ಗೂ ಮೀರಿದ ಕರೆಂಟು.)

ಪತಂಗ ಸಿಕ್ಕ ಕಂಪ್ಯೂಟರ್

ಕಂಪ್ಯೂಟರು ಅಂದರೆ ಲಕ್ಷಾಂತರ ಸ್ವಿಚ್ಚುಗಳ ಒಂದು ಜಾಲ. ಮೊದಮೊದಲ ಕಂಪ್ಯೂಟರುಗಳು ರಿಲೇಗಳಿಂದಲೇ ಆಗಿದ್ದವು. 1941ರಲ್ಲಿ ಜರ್ಮನಿಯ ಕೊನ್ರಾಡ್ ತ್ಸೂಸೆ ಕಟ್ಟಿದ 'ಜ಼ಡ್-3' ಯಂತ್ರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಿಲೇಗಳಿದ್ದವು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ 'ಮಾರ್ಕ್-2' ಕೂಡ ರಿಲೇ ಯಂತ್ರವೇ. 1947ರ ಸೆಪ್ಟೆಂಬರ್ 9ರಂದು ಅದು ತಪ್ಪು ಲೆಕ್ಕ ಕೊಡತೊಡಗಿತು. ತೆರೆದು ನೋಡಿದರೆ ಒಂದು ರಿಲೇಯೊಳಗೆ ಪತಂಗವೊಂದು ಸಿಕ್ಕಿಕೊಂಡಿತ್ತು. ಕೆಲಸದವರು ಅದನ್ನು ತೆಗೆದು, ಟೇಪು ಹಚ್ಚಿ ದಿನಚರಿ ಪುಸ್ತಕಕ್ಕೆ ಅಂಟಿಸಿ ವಿವರ ಬರೆದಿಟ್ಟರು. ಆ ಪುಟ ಇಂದಿಗೂ ಅಮೆರಿಕದ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಸ್ಟಾರ್ಟರಿನ ಹಲ್ಲಿಗೆ ಎಂಥಾ ದೊಡ್ಡ ನೆಂಟಸ್ತನ ನೋಡಿ!

ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಇದರಲ್ಲಿ ಅಲ್ಲಾಡುವ ತೋಳಿಲ್ಲ. ಸಿಲಿಕಾನಿನಂಥ ಅರೆವಾಹಕದಲ್ಲಿ ವಿದ್ಯುತ್ ಹರಿಯುವ ದಾರಿಯನ್ನು ವಿದ್ಯುತ್ತಿನ ಒತ್ತಡದಿಂದಲೇ ತೆರೆಯುವುದು, ಮುಚ್ಚುವುದು. ಕಿಡಿ ಇಲ್ಲ, ಸವೆತ ಇಲ್ಲ, ಪತಂಗಕ್ಕೆ ಜಾಗವೂ ಇಲ್ಲ. ರಿಲೇ ಕಂಪ್ಯೂಟರಿನ ಕಾಲ ಅಲ್ಲಿಗೆ ಮುಗಿಯಿತು. ಈಗಿನ ಒಳ್ಳೆಯ ಮೊಬೈಲಿನ ಉಗುರಿನಷ್ಟು ಚಿಪ್ಪಿನಲ್ಲಿ ಸಾವಿರ ಕೋಟಿಗೂ ಮಿಕ್ಕಿ ಟ್ರಾನ್ಸಿಸ್ಟರುಗಳಿರುತ್ತವೆ. ನಮ್ಮ ಹುಡುಗಿಯ ಪ್ರಶ್ನೆಗೆ ಪೂರ್ತಿ ಉತ್ತರ ಇದು.

ಸೊನ್ನೆ ಅಂದರೆ ಸೊನ್ನೆಯೇ?

ಬ್ಯಾಂಕಿನಲ್ಲಿ ಖಾತೆ ಮುಚ್ಚಿದರೆ ಬಾಕಿ ಸೊನ್ನೆ. ಅಲ್ಲಿ ಒಂದು ಪೈಸೆ ಉಳಿದರೂ ಸಂಜೆಯ ಲೆಕ್ಕ ತಾಳೆಯಾಗದು. ಟ್ರಾನ್ಸಿಸ್ಟರಿನ ಕಥೆ ಹಾಗಲ್ಲ. ಅದನ್ನು 'ಆಫ್' ಮಾಡಿದಾಗಲೂ ಒಂದಿಷ್ಟು ಕರೆಂಟು ನುಸುಳುತ್ತಲೇ ಇರುತ್ತದೆ. ಬಾಗಿಲು ಹಾಕಿದರೂ ಸಂದಿಯಿಂದ ಗಾಳಿ ಬಂದ ಹಾಗೆ. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಈ ಸಂದಿಯ ತೊಂದರೆ ಹೆಚ್ಚುತ್ತದೆ.

ನುಸುಳುವುದು ಎಷ್ಟು? ಒಂದೊಂದರಲ್ಲಿ ಲೆಕ್ಕಕ್ಕೆ ಬಾರದಷ್ಟು. ಆದರೆ ಗುಮಾಸ್ತನ ಬುದ್ಧಿ ಇಲ್ಲೇ ಎಚ್ಚರವಾಗಬೇಕು. ಸಾವಿರ ಕೋಟಿ ಖಾತೆಗಳಿಂದ ತಲಾ ಒಂದೇ ಒಂದು ಪೈಸೆ ಸೋರಿದರೆ ಎಷ್ಟಾಯಿತು? ಹತ್ತು ಕೋಟಿ ರೂಪಾಯಿ! ಮುಟ್ಟದೆ ಇಟ್ಟ ಮೊಬೈಲಿನ ಬ್ಯಾಟರಿ ಇಳಿಯುವುದಕ್ಕೆ, ದೊಡ್ಡ ಕಂಪ್ಯೂಟರ್ ಕೇಂದ್ರಗಳು ಸುಮ್ಮನಿದ್ದಾಗಲೂ ಬಿಸಿಯಾಗುವುದಕ್ಕೆ ಇರುವ ಕಾರಣಗಳಲ್ಲಿ ಈ ಸೋರಿಕೆಯೂ ಒಂದು.

ರಿಲೇಯಲ್ಲಿ ಈ ಸೋರಿಕೆ ಇಲ್ಲ. ತೋಳು ದೂರ ಸರಿದರೆ ನಡುವೆ ಖಾಲಿ ಜಾಗ. ಖಾಲಿ ಜಾಗವನ್ನು ದಾಟಿ ಕರೆಂಟು ಬರಲಾರದು. ಅಲ್ಲಿ ಸೊನ್ನೆ ಅಂದರೆ ಸೊನ್ನೆಯೇ. ಇನ್ನೊಂದು ಲಾಭವೂ ಇದೆ. ಬಾಹ್ಯಾಕಾಶದಲ್ಲಿ, ಕೈಗಾದಂಥ ಅಣುಸ್ಥಾವರದ ಒಳಭಾಗದಲ್ಲಿ ಬಲವಾದ ವಿಕಿರಣ ಇರುತ್ತದೆ. ಅದು ಅರೆವಾಹಕದ ಒಳಗೆ ನುಗ್ಗಿ ಟ್ರಾನ್ಸಿಸ್ಟರನ್ನು ದಾರಿ ತಪ್ಪಿಸಬಲ್ಲದು. ಹೆಚ್ಚಿನ ಬಿಸಿಯೂ ಅದಕ್ಕೆ ಆಗದು. ನಿಜವಾದ ತೋಳು, ನಿಜವಾದ ಸಂದು ಇರುವ ಸ್ವಿಚ್ಚು ಇವೆರಡನ್ನೂ ಹೆಚ್ಚು ತಾಳಿಕೊಳ್ಳುತ್ತದೆ. ಹಾಗಾದರೆ ರಿಲೇಯನ್ನೇ ಟ್ರಾನ್ಸಿಸ್ಟರಿನಷ್ಟು ಚಿಕ್ಕದು ಮಾಡಿದರೆ? ಅದಕ್ಕೆ ತಕ್ಕ ತೋಳು ಬೇಕು. ಅಷ್ಟು ತೆಳ್ಳಗಿದ್ದೂ ಗಟ್ಟಿಯಾಗಿರಬೇಕು, ಕೋಟಿ ಸಲ ಬಾಗಿದರೂ ಮುರಿಯಬಾರದು.

ಸುತ್ತಿದ ಇಂಗಾಲ

ಅಂಥ ತೋಳು ಸಿಕ್ಕಿದ್ದು ಮಸಿಯಲ್ಲಿ. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಎಂಬ ವಿಜ್ಞಾನಿ ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾಯಿಸಿದಾಗ ಉಳಿದದ್ದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಅದರಲ್ಲಿ ಒಂದರೊಳಗೊಂದು ಸೇರಿದ ಕೊಳವೆಗಳು ಕಂಡವು. ಅದಕ್ಕೂ ಮುಂಚೆ, 1952ರಲ್ಲಿ, ರಷ್ಯಾದ ಇಬ್ಬರು ವಿಜ್ಞಾನಿಗಳು ಇಂಥವುಗಳ ಚಿತ್ರ ಪ್ರಕಟಿಸಿದ್ದರು. ಆದರೆ ಜಗತ್ತು ಕಣ್ಣು ತೆರೆದದ್ದು ಇಜಿಮಾ ಅವರ ಲೇಖನದಿಂದ. ಇವುಗಳಿಗೆ ಇಂಗಾಲದ ನ್ಯಾನೋಕೊಳವೆ ಎಂದು ಹೆಸರಾಯಿತು.

ಪೆನ್ಸಿಲಿನ ಕಡ್ಡಿ ಗ್ರಾಫೈಟ್. ಅದರಲ್ಲಿ ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಆರು ಮೂಲೆಯ ಕಣ್ಣುಗಳಂತೆ ಜೋಡಿಸಿಕೊಂಡು ಹಾಳೆ ಹಾಳೆಯಾಗಿ ಕೂತಿರುತ್ತವೆ. ಅಂಥ ಒಂದೇ ಒಂದು ಹಾಳೆಯನ್ನು ಚಾಪೆ ಸುತ್ತಿದಂತೆ ಸುತ್ತಿ ಅಂಚಿಗೆ ಅಂಚು ಬೆಸೆದರೆ ನ್ಯಾನೋಕೊಳವೆ. ಚಾಪೆಯನ್ನು ನೆಟ್ಟಗೆ ಸುತ್ತಬಹುದು, ಓರೆಯಾಗಿಯೂ ಸುತ್ತಬಹುದು. ಸುತ್ತಿದ ರೀತಿಯ ಮೇಲೆ ಕೆಲವು ಕೊಳವೆ ತಾಮ್ರದ ತಂತಿಯಂತೆ ಕರೆಂಟು ಹರಿಸುತ್ತವೆ, ಕೆಲವು ಸಿಲಿಕಾನಿನಂತೆ ಅರೆವಾಹಕವಾಗುತ್ತವೆ.

ಒಂಟಿ ಹಾಳೆಯ ಕೊಳವೆಯ ಅಡ್ಡಗಲ ಸುಮಾರು 1 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ತಲೆಕೂದಲು ಸುಮಾರು 80,000 ನ್ಯಾನೋಮೀಟರ್. ಲೆಕ್ಕ ಹೀಗೆ ಮಾಡಿ: ಒಂದು ಕೂದಲನ್ನು ಹಿಗ್ಗಿಸಿ 16 ಸೆಂಟಿಮೀಟರ್ ದಪ್ಪದ ಅಡಿಕೆ ಮರದ ಕಾಂಡದಷ್ಟು ಮಾಡಿದಿರಿ ಅನ್ನಿ. ನ್ಯಾನೋಕೊಳವೆಯನ್ನೂ ಅಷ್ಟೇ ಪಟ್ಟು ಹಿಗ್ಗಿಸಿದರೆ, ಅದು ನಿಮ್ಮ ನಿಜವಾದ ಕೂದಲಿನ ನಲವತ್ತನೇ ಒಂದು ಪಾಲಿನಷ್ಟಾಗುತ್ತದೆ, ಆಗಲೂ ಬರಿಗಣ್ಣಿಗೆ ಕಾಣುವುದಿಲ್ಲ. ಆದರೂ ಎಳೆದರೆ ಹಿಗ್ಗದೆ ನಿಲ್ಲುವ ಬಿಗಿಯಲ್ಲಿ ಅದು ಉಕ್ಕಿನ ಸುಮಾರು ಐದು ಪಟ್ಟು. ಬಗ್ಗಿಸಿದರೆ ಮುರಿಯದೆ ಮತ್ತೆ ನೆಟ್ಟಗಾಗುತ್ತದೆ.

ಉಕ್ಕಿನ ಮಾತು ಬಂದಾಗ ಒಂದು ಸ್ವಾರಸ್ಯ ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಕಾಲದಲ್ಲಿ ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿಸಿದ ಉಕ್ಕಿನ ಗಟ್ಟಿಗಳು ಅರಬ್ ದೇಶಗಳಿಗೆ ಹೋಗಿ ಡಮಾಸ್ಕಸ್ ಕತ್ತಿಗಳಾಗುತ್ತಿದ್ದವು. ಪಾಶ್ಚಾತ್ಯರು ಅದಕ್ಕೆ 'ವೂಟ್ಸ್' ಎಂದರು. ಅದು ನಮ್ಮ 'ಉಕ್ಕು' ಎಂಬ ಮಾತೇ ತಿರುಚಿದ್ದು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. 2006ರಲ್ಲಿ ಜರ್ಮನಿಯ ಪೀಟರ್ ಪೌಫ್ಲರ್ ಮತ್ತು ಜೊತೆಗಾರರು 17ನೇ ಶತಮಾನದ ಅಂಥ ಒಂದು ಕತ್ತಿಯ ಚೂರನ್ನು ಪರೀಕ್ಷಿಸಿ, ಅದರಲ್ಲಿ ಇಂಗಾಲದ ನ್ಯಾನೋಕೊಳವೆಗಳ ಗುರುತು ಕಂಡಿತೆಂದು ವರದಿ ಮಾಡಿದರು. ಕುಲುಮೆಯ ಮುಂದೆ ಕೂತ ಕಮ್ಮಾರನಿಗೆ ಅದು ಗೊತ್ತಿರಲಿಲ್ಲ. ಕತ್ತಿ ಚೆನ್ನಾಗಿ ಬಂತು ಎನ್ನುವುದಷ್ಟೇ ಗೊತ್ತಿತ್ತು.

ಹಳ್ಳದ ಮೇಲಿನ ಸಂಕ

ಈಗ ಸ್ವಿಚ್ಚು ಮಾಡೋಣ. ಸೊರಬದ ಕಡೆ ಹಳ್ಳ ದಾಟಲು ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕ ನೋಡಿದ್ದೀರಲ್ಲ? ನಡುವೆ ಕಾಲಿಟ್ಟರೆ ಸ್ವಲ್ಪ ಬಾಗುತ್ತದೆ, ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ನ್ಯಾನೋಕೊಳವೆಯ ಸ್ವಿಚ್ಚು ಅಂಥದ್ದೇ ಒಂದು ಸಂಕ. ಚಿಪ್ಪಿನ ಮೇಲೆ ಕೆಲವು ಹತ್ತು ನ್ಯಾನೋಮೀಟರ್ ಆಳದ ಹಳ್ಳ ತೋಡುತ್ತಾರೆ. ಹಳ್ಳದ ತಳದಲ್ಲಿ ಲೋಹದ ಪಟ್ಟಿ. ಮೇಲೆ ದಡದಿಂದ ದಡಕ್ಕೆ ಕೊಳವೆ.

ಕೊಳವೆಗೂ ತಳದ ಪಟ್ಟಿಗೂ ನಡುವೆ ವೋಲ್ಟೇಜು ಕೊಟ್ಟರೆ ಒಂದರಲ್ಲಿ ಧನ, ಇನ್ನೊಂದರಲ್ಲಿ ಋಣ ವಿದ್ಯುದಂಶ ತುಂಬುತ್ತದೆ. ಎರಡೂ ಪರಸ್ಪರ ಸೆಳೆಯುತ್ತವೆ. ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವುದೂ ಇದೇ ಬಲದಿಂದ. ಸಂಕ ನಡುವೆ ಬಾಗುತ್ತದೆ. ಬಾಗಿದಷ್ಟೂ ಅಂತರ ಕಡಿಮೆ, ಅಂತರ ಕಡಿಮೆಯಾದಷ್ಟೂ ಸೆಳೆತ ಹೆಚ್ಚು. ಒಂದು ಹಂತ ದಾಟಿದರೆ ತಡೆಯಿಲ್ಲದೆ ಖಟಕ್ ಎಂದು ತಳಕ್ಕೆ ತಾಗುತ್ತದೆ. ಸ್ವಿಚ್ಚು 'ಆನ್'. ವೋಲ್ಟೇಜು ತೆಗೆದರೆ ಕೊಳವೆಯ ಬಿಗಿತವೇ ಸ್ಪ್ರಿಂಗಿನಂತೆ ಅದನ್ನು ಮೇಲಕ್ಕೆತ್ತುತ್ತದೆ. 'ಆಫ್'. ಸ್ಟಾರ್ಟರಿನಲ್ಲಿ ಸೆಳೆದದ್ದು ಅಯಸ್ಕಾಂತ, ಇಲ್ಲಿ ಸೆಳೆದದ್ದು ವಿದ್ಯುದಂಶ. ಉಳಿದದ್ದೆಲ್ಲ ಒಂದೇ.

ಕೊಳವೆಯ ಒಂದು ತುದಿಯನ್ನು ಮಾತ್ರ ಭದ್ರ ಮಾಡಿ ಇನ್ನೊಂದನ್ನು ಗಾಳಿಯಲ್ಲಿ ಬಿಟ್ಟರೂ ಆಗುತ್ತದೆ, ಈಜುಕೊಳದ ಹಾರುಹಲಗೆಯಂತೆ. ಸ್ವೀಡನ್ನಿನ ವಿಜ್ಞಾನಿಗಳು 2003ರಲ್ಲಿ ಇಂಥ 'ನ್ಯಾನೋರಿಲೇ'ಯ ಲೆಕ್ಕ ಬರೆದರು, 2004ರಲ್ಲಿ ಮಾಡಿ ತೋರಿಸಿದರು.

ಕರೆಂಟು ಹೋದರೂ ಉಳಿಯುವ ನೆನಪು

ಅದಕ್ಕೂ ಮುಂಚೆ, 2000ನೇ ಇಸವಿಯಲ್ಲಿ, ಹಾರ್ವರ್ಡಿನಲ್ಲಿ ಥಾಮಸ್ ರುಕೆಸ್, ಚಾರ್ಲ್ಸ್ ಲೀಬರ್ ಮತ್ತು ಸಂಗಡಿಗರು ಇನ್ನೊಂದು ದಾರಿ ತೋರಿಸಿದ್ದರು. ಕೆಳಗೆ ಒಂದು ಸಾಲು ಕೊಳವೆ, ಅವಕ್ಕೆ ಅಡ್ಡವಾಗಿ ಮೇಲೆ ತೂಗುಹಾಕಿದ ಇನ್ನೊಂದು ಸಾಲು. ಒಂದು ಮೇಲಿನದನ್ನೂ ಒಂದು ಕೆಳಗಿನದನ್ನೂ ಆರಿಸಿ ವಿರುದ್ಧ ವಿದ್ಯುದಂಶ ಕೊಟ್ಟರೆ ಅವೆರಡು ಸೇರುವ ಜಾಗದಲ್ಲಿ ಬಾಗಿ ತಾಗುತ್ತವೆ. ವೋಲ್ಟೇಜು ತೆಗೆದರೂ ಬಿಡುವುದಿಲ್ಲ, ಅಂಟಿಕೊಂಡೇ ಇರುತ್ತವೆ. ಬಿಡಿಸಲು ಎರಡಕ್ಕೂ ಒಂದೇ ಬಗೆಯ ವಿದ್ಯುದಂಶ ಕೊಡಬೇಕು, ಆಗ ಒಂದನ್ನೊಂದು ದೂಡುತ್ತವೆ. ತಾಗಿದ್ದರೆ 1, ಬಿಟ್ಟಿದ್ದರೆ 0. ಕಂಪ್ಯೂಟರಿನ ಬರವಣಿಗೆಗೆ ಇವೆರಡು ಅಕ್ಷರ ಸಾಕು.

ಕರೆಂಟು ಹೋದರೂ ಉಳಿಯುವ ಮೆಮೊರಿಯ ಬೆಲೆ ನನ್ನ ವಯಸ್ಸಿನ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ನಾನಿದ್ದ ಶಾಖೆಗೆ ಕಂಪ್ಯೂಟರ್ ಬಂದ ಹೊಸತರಲ್ಲಿ, ಮಳೆಗಾಲದ ಒಂದು ಮಧ್ಯಾಹ್ನ ಕರೆಂಟು ಹೋಗಿ, ಬ್ಯಾಟರಿಯೂ ಕೈಕೊಟ್ಟು, ಉಳಿಸದೇ ಇದ್ದ ನಮೂದುಗಳೆಲ್ಲ ಮಾಯವಾದವು. ಕೌಂಟರಿನ ಮುಂದೆ ಉದ್ದ ಸಾಲು. ಕಪಾಟಿನೊಳಗಿನ ಹಳೆಯ ಲೆಡ್ಜರು ಮಾತ್ರ ಒಂದು ಅಕ್ಷರವನ್ನೂ ಮರೆತಿರಲಿಲ್ಲ. ಕಂಪ್ಯೂಟರಿನ ಕೆಲಸದ ಮೆಮೊರಿ ಸ್ಲೇಟಿದ್ದಂತೆ, ಕರೆಂಟು ಅನ್ನುವುದು ಹೋದರೆ ಒರೆಸಿಹೋಗುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಮೇಲೆ ಕದಂಬರ ಕಾಲದಲ್ಲಿ ಕೆತ್ತಿದ ಅಕ್ಷರ ಸುಮಾರು 1,500 ವರ್ಷಗಳಿಂದ ಹಾಗೆಯೇ ನಿಂತಿದೆ, ಏಕೆಂದರೆ ಅಲ್ಲಿ ಕಲ್ಲಿನ ಆಕಾರವೇ ಬದಲಾಗಿದೆ. ನ್ಯಾನೋಕೊಳವೆಯ ಮೆಮೊರಿಯೂ ಆಕಾರದಲ್ಲೇ ಬರೆದದ್ದು. ವ್ಯತ್ಯಾಸವೆಂದರೆ ಇದನ್ನು ಅಳಿಸಿ ಮತ್ತೆ ಬರೆಯಬಹುದು.

ಈ ಕೆಲಸವನ್ನು ಮುಂದುವರಿಸಲು 2001ರಲ್ಲಿ ಅಮೆರಿಕದಲ್ಲಿ ನ್ಯಾಂಟೆರೋ ಎಂಬ ಕಂಪನಿ ಹುಟ್ಟಿತು. 2009ರ ಮೇ ತಿಂಗಳಲ್ಲಿ ಹಬಲ್ ದೂರದರ್ಶಕದ ದುರಸ್ತಿಗೆ ಹೋದ ಅಟ್ಲಾಂಟಿಸ್ ನೌಕೆಯಲ್ಲಿ ಅವರ ಬಗೆಯ ಮೆಮೊರಿಯನ್ನು ಪರೀಕ್ಷೆಗೆಂದು ಒಯ್ದಿದ್ದರು.

ಹಲ್ಲಿಯ ಗುಟ್ಟು

ವೋಲ್ಟೇಜು ತೆಗೆದ ಮೇಲೂ ಕೊಳವೆಗಳು ಅಂಟಿಕೊಂಡಿದ್ದು ಯಾಕೆ? ಅಲ್ಲಿ ಗೋಂದಿಲ್ಲ, ಬೆಸುಗೆಯಿಲ್ಲ.

ಈಗ ನಮ್ಮ ಹಲ್ಲಿಯನ್ನು ಕರೆಯೋಣ. ಅದು ನುಣುಪು ಗಾಜಿನ ಮೇಲೂ ತಲೆಕೆಳಗಾಗಿ ಓಡುತ್ತದೆ. ಕಾಲಲ್ಲಿ ಅಂಟೂ ಇಲ್ಲ, ಹೀರುವ ಬಟ್ಟಲೂ ಇಲ್ಲ. ಅದರ ಬೆರಳಿನ ಅಡಿಯಲ್ಲಿ ಲಕ್ಷಾಂತರ ಸೂಕ್ಷ್ಮ ರೋಮಗಳಿವೆ. ಟೋಕೆ ಎಂಬ ದೊಡ್ಡ ಜಾತಿಯ ಹಲ್ಲಿಯ ಒಂದು ಪಾದದಲ್ಲಿ ಸುಮಾರು 5 ಲಕ್ಷ. ಒಂದೊಂದು ರೋಮದ ತುದಿಯೂ ನೂರಾರು ಕವಲಾಗಿ ಒಡೆದಿದೆ. ಆ ಕವಲುಗಳು ಗೋಡೆಗೆ ತೀರಾ ಹತ್ತಿರ ಹೋದಾಗ, ಎರಡೂ ಕಡೆಯ ಅಣುಗಳ ನಡುವೆ ಒಂದು ದುರ್ಬಲ ಸೆಳೆತ ಹುಟ್ಟುತ್ತದೆ. ಇದಕ್ಕೆ ವಾನ್ ಡರ್ ವಾಲ್ಸ್ ಬಲ ಎಂದು ಹೆಸರು. ವಾನ್ ಡರ್ ವಾಲ್ಸ್ ಹಾಲೆಂಡಿನ ವಿಜ್ಞಾನಿ, 1910ರ ನೊಬೆಲ್ ಪಡೆದವರು. ಒಂದೊಂದು ಕವಲಿನದ್ದು ಎಣಿಕೆಗೆ ಬಾರದ ಬಲ. ಎಲ್ಲವನ್ನೂ ಕೂಡಿದರೆ ಹಲ್ಲಿಯ ಭಾರವನ್ನು ಹೊರುತ್ತದೆ. ಮತ್ತೆ ಅದೇ ಪೈಸೆಯ ಲೆಕ್ಕ! ಅಮೆರಿಕದ ಕೆಲ್ಲರ್ ಆಟಮ್ ಮತ್ತು ಜೊತೆಗಾರರು 2000 ಮತ್ತು 2002ರಲ್ಲಿ ಇದನ್ನು ಅಳೆದು ತೋರಿಸಿದರು.

ಈ ಸೆಳೆತ ನಮ್ಮ ನಿಮ್ಮ ನಡುವೆಯೂ ಇದೆ. ಆದರೂ ನೀವು ಗೋಡೆಗೆ ಒರಗಿದರೆ ಅಂಟಿಕೊಳ್ಳುವುದಿಲ್ಲ. ಕಾರಣ ಗಾತ್ರ. ಒಂದು ವಸ್ತುವಿನ ಉದ್ದ, ಅಗಲ, ಎತ್ತರವನ್ನು ಹತ್ತನೇ ಒಂದು ಪಾಲು ಮಾಡಿ. ಅದರ ತೂಕ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಮೈಯ ವಿಸ್ತೀರ್ಣ ಮಾತ್ರ ನೂರರ ಒಂದು ಪಾಲಿಗೆ ಇಳಿಯುತ್ತದೆ. ಚಿಕ್ಕದಾದಂತೆಲ್ಲ ತೂಕ ಬೇಗ ಕರಗುತ್ತದೆ, ಮೈ ನಿಧಾನವಾಗಿ ಕರಗುತ್ತದೆ. ನ್ಯಾನೋಕೊಳವೆಯ ಲೋಕದಲ್ಲಿ ತೂಕ ಲೆಕ್ಕಕ್ಕೇ ಇಲ್ಲ. ಅಲ್ಲಿ ಮೈಗೆ ಮೈ ಅಂಟುವುದೇ ದೊಡ್ಡ ಬಲ.

ಹಾಗಾಗಿ ನಮ್ಮ ಸಂಕದ ಮೇಲೆ ಮೂವರ ಹಗ್ಗಜಗ್ಗಾಟ. ವಿದ್ಯುತ್ತು ಕೆಳಕ್ಕೆ ಎಳೆಯುತ್ತದೆ, ಕೊಳವೆಯ ಬಿಗಿತ ಮೇಲಕ್ಕೆ ಎತ್ತುತ್ತದೆ, ಅಂಟು ಕೆಳಗೇ ಹಿಡಿದುಕೊಳ್ಳುತ್ತದೆ. ಮೆಮೊರಿ ಬೇಕಿದ್ದರೆ ಅಂಟು ಗೆಲ್ಲಬೇಕು. ಸ್ವಿಚ್ಚು ಬೇಕಿದ್ದರೆ ಬಿಗಿತ ಗೆಲ್ಲಬೇಕು. ಹಳ್ಳದ ಆಳ, ಸಂಕದ ಉದ್ದ ಸ್ವಲ್ಪ ಹೆಚ್ಚುಕಮ್ಮಿಯಾದರೂ ಫಲಿತಾಂಶ ತಿರುಗಿಬೀಳುತ್ತದೆ. ಸ್ಟಾರ್ಟರಿನ ಎರಡನೇ ಕಾಯಿಲೆ ನೆನಪಿದೆಯಲ್ಲ? ಅದೇ ಇದು: ಅಂಟಿಕೊಂಡು ಬಿಡದಿರುವುದು. ದೊಡ್ಡದರಲ್ಲಿ ಕಿಡಿಯಿಂದ ಬಂದ ರೋಗ, ಚಿಕ್ಕದರಲ್ಲಿ ಹುಟ್ಟುಗುಣ.

ನಮ್ಮ ಬೆಂಗಳೂರಿನಲ್ಲಿ

ಸೊರಬ, ಸಾಗರದ ಗುಡಿಗಾರರು ಗಂಧದ ತುಂಡಿನಿಂದ ಬೇಡವಾದದ್ದನ್ನು ಕೆತ್ತಿ ತೆಗೆಯುತ್ತಾ ಸೂಜಿಮೊನೆಯಷ್ಟು ಸಣ್ಣ ಬಳ್ಳಿ, ಹೂವು ಬಿಡಿಸುತ್ತಾರೆ. ಸಿಲಿಕಾನ್ ಚಿಪ್ಪು ಮಾಡುವುದೂ ಹೀಗೆಯೇ, ಕೆತ್ತಿ ಕೆತ್ತಿ. ನ್ಯಾನೋಕೊಳವೆ ಹಾಗಲ್ಲ. ಅದನ್ನು ಕೆತ್ತಲಾಗದು, ಬೆಳೆಸಬೇಕು. ಬಿಸಿ ಕುಲುಮೆಯೊಳಗೆ ಇಂಗಾಲವಿರುವ ಆವಿ ಬಿಟ್ಟು, ಕಬ್ಬಿಣ ಅಥವಾ ನಿಕ್ಕಲಿನ ಸೂಕ್ಷ್ಮ ಕಣಗಳನ್ನು ಬೀಜದಂತೆ ಇಟ್ಟರೆ, ಕಣದಿಂದ ಕೊಳವೆ ಮೊಳಕೆಯ ಹಾಗೆ ಉದ್ದವಾಗುತ್ತದೆ.

ಈ ಬೇಸಾಯದಲ್ಲಿ ಬೆಂಗಳೂರಿಗೆ ಒಳ್ಳೆಯ ಹೆಸರಿದೆ. ಭಾರತ ರತ್ನ ಸಿ.ಎನ್.ಆರ್. ರಾವ್, ಎ. ಗೋವಿಂದರಾಜ್ ಮತ್ತು ಸಂಗಡಿಗರು 2000ನೇ ಇಸವಿಯಲ್ಲಿ ಕವಲೊಡೆದ ಕೊಂಬೆಯಂತೆ, ಇಂಗ್ಲಿಷಿನ 'ವೈ' ಅಕ್ಷರದ ಆಕಾರದ ನ್ಯಾನೋಕೊಳವೆಗಳನ್ನು ಬೆಳೆಸುವ ಸುಲಭ ವಿಧಾನವನ್ನು ಪ್ರಕಟಿಸಿದರು. ಐದು ವರ್ಷದ ಮೇಲೆ, 2005ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ಕ್ಲೆಮ್ಸನ್ ವಿಶ್ವವಿದ್ಯಾಲಯಗಳಲ್ಲಿ ಪ್ರಭಾಕರ ಬಂಡಾರು, ಅಪ್ಪಾರಾವ್ ಮೊದಲಾದವರು ತಾವು ಬೆಳೆಸಿದ ಇಂಥ ಕವಲುಕೊಳವೆಯೇ ಒಂದು ಸ್ವಿಚ್ಚಿನಂತೆ ವರ್ತಿಸುತ್ತದೆಂದು ತೋರಿಸಿದರು. ಒಂದು ಕವಲಿಗೆ ಕೊಟ್ಟ ವೋಲ್ಟೇಜಿನಿಂದ ಉಳಿದ ದಾರಿಯ ಕರೆಂಟು ನಿಲ್ಲುತ್ತಿತ್ತು. ಅಲ್ಲಿ ತೋಳು ಅಲ್ಲಾಡುವುದಿಲ್ಲ, ಅದು ಟ್ರಾನ್ಸಿಸ್ಟರಿನ ವಂಶ. ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಮತ್ತು ಜೊತೆಗಾರರು 2003ರಲ್ಲಿ ನ್ಯಾನೋಕೊಳವೆಗಳ ಮೇಲೆ ನೀರು ಹರಿಸಿದರೆ ಸಣ್ಣ ವೋಲ್ಟೇಜು ಹುಟ್ಟುವುದನ್ನು ತೋರಿಸಿದ್ದರು. ಅದೇ ಸಂಸ್ಥೆಯಲ್ಲಿ 2010ರಲ್ಲಿ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ ಶುರುವಾಯಿತು. ಧೂಳಿನ ಕಣವೂ ಬಾರದಂತೆ ಗಾಳಿ ಸೋಸಿದ ಕೋಣೆಗಳಲ್ಲಿ, ಮೈತುಂಬ ನಿಲುವಂಗಿ ತೊಟ್ಟ ವಿದ್ಯಾರ್ಥಿಗಳು ಅಲ್ಲಿ ಚಿಪ್ಪುಗಳನ್ನೂ ಅಲ್ಲಾಡುವ ಸೂಕ್ಷ್ಮ ಯಂತ್ರಗಳನ್ನೂ ಮಾಡುತ್ತಾರೆ.

ಹಳ್ಳಿಯ ಶಾಲೆಯ ಮಕ್ಕಳು ಒಂದು ಸಂಗತಿ ತಿಳಿದಿರಬೇಕು. ರಾವ್ ಅವರು ಬೆಂಗಳೂರಿನ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಹೈಸ್ಕೂಲು ಓದಿದ್ದು ಕನ್ನಡ ಮಾಧ್ಯಮದಲ್ಲಿ.

ಅಂಗಡಿಗೆ ಯಾಕೆ ಬಂದಿಲ್ಲ?

ಮೊದಲ ತೊಡಕು ಎಣಿಕೆಯದು. ಒಂದು ಸ್ವಿಚ್ಚು 100 ಕೋಟಿ ಸಲ ಬಾಗಿದ ಮೇಲೆ ಸವೆಯುತ್ತದೆ ಅನ್ನಿ. ಗೋಡೆಯ ಸ್ವಿಚ್ಚಿಗೆ ಅದು ಯುಗಾಂತರದ ಆಯುಷ್ಯ. ಕಂಪ್ಯೂಟರಿನಲ್ಲಿ ಸೆಕೆಂಡಿಗೆ 10 ಲಕ್ಷ ಸಲ ಬಾಗಬೇಕಾದರೆ? ಸಾವಿರ ಸೆಕೆಂಡು, ಅಂದರೆ ಹದಿನೇಳು ನಿಮಿಷದೊಳಗೆ ಆಯುಷ್ಯ ಮುಗಿಯಿತು. ಎರಡನೆಯದು ಬಿತ್ತನೆಯದು. ಕೋಟಿಗಟ್ಟಲೆ ಕೊಳವೆಗಳನ್ನು, ಒಂದೊಂದನ್ನೂ ಅದರದರ ಹಳ್ಳದ ಮೇಲೇ ಅಡ್ಡ ಮಲಗಿಸಬೇಕು. ಮೂರನೆಯದು ವೇಗ. ಅಲ್ಲಾಡುವ ತೋಳು ಎಷ್ಟೇ ಹಗುರವಾದರೂ ಟ್ರಾನ್ಸಿಸ್ಟರಿನಷ್ಟು ಚುರುಕಲ್ಲ. ನಾಲ್ಕನೆಯದು ಅಂಟು.

ಹಾಗಾಗಿ ಮೊಬೈಲಿನ ಟ್ರಾನ್ಸಿಸ್ಟರನ್ನು ಇದು ನಾಳೆಯೇ ಓಡಿಸಿಬಿಡುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ವೇಗ ಅಷ್ಟೊಂದು ಬೇಡವಾದ, ಆದರೆ ಸೋರಿಕೆ ಬಾರದ, ಬಿಸಿಗೂ ವಿಕಿರಣಕ್ಕೂ ಬಗ್ಗದ ಸ್ವಿಚ್ಚು ಬೇಕಾದ ಜಾಗಗಳಿಗೆ ಇದು ತಕ್ಕದ್ದು. ಹಲ್ಲಿ ಕಾಲು ಹೇಗೆ ಬಿಡಿಸಿಕೊಳ್ಳುತ್ತದೆ ಗಮನಿಸಿದ್ದೀರಾ? ನೇರವಾಗಿ ಎಳೆಯುವುದಿಲ್ಲ. ಬೆರಳನ್ನು ತುದಿಯಿಂದ ಸುರುಳಿ ಮಾಡಿ, ರೋಮದ ಕೋನ ತಿರುಗಿಸಿ, ಸ್ಟಿಕರ್ ಕೀಳುವಂತೆ ಅಂಚಿನಿಂದ ಬಿಡಿಸುತ್ತದೆ. ಅಂಟುವುದಕ್ಕಿಂತ ಬಿಡುವುದರಲ್ಲೇ ಅದರ ಜಾಣತನ. ನ್ಯಾನೋಸ್ವಿಚ್ಚಿಗೂ ಅಂಥ ಒಂದು ಉಪಾಯ ಬೇಕಾಗಿದೆ. ಅದು ಇವತ್ತು ಏಳನೇ ತರಗತಿಯಲ್ಲಿರುವ ಯಾರಿಗಾದರೂ ಹೊಳೆಯಬಹುದು.

ಮನೆಯಲ್ಲೇ ಮಾಡಿ ನೋಡಿ

1. ಒಣಗಿದ ಕೂದಲಿಗೆ ಪ್ಲಾಸ್ಟಿಕ್ ಬಾಚಣಿಗೆ ಉಜ್ಜಿ, ಕಾಗದದ ಚೂರುಗಳ ಹತ್ತಿರ ನಿಧಾನವಾಗಿ ತನ್ನಿ. ಮೊದಲು ಏನೂ ಆಗದು, ಒಂದು ಅಂತರಕ್ಕೆ ಬಂದಾಗ ತಟ್ಟನೆ ಹಾರಿ ಅಂಟುತ್ತವೆ. ಸಂಕ ತಳಕ್ಕೆ ಬಡಿದದ್ದೂ ಹೀಗೆಯೇ. ಮಳೆಗಾಲದ ತೇವದಲ್ಲಿ ಇದು ಸರಿಯಾಗಿ ಬರುವುದಿಲ್ಲ, ಬೇಸಿಗೆಯಲ್ಲಿ ಮಾಡಿ.

2. ಎರಡು ಹಳೆಯ ಸಿ.ಡಿ.ಗಳ ಚಿತ್ರವಿರುವ ಮುಖಗಳ ನಡುವೆ ಕೆಲವು ಹನಿ ನೀರು ಹಾಕಿ ಒತ್ತಿ. ನೇರ ಎಳೆದು ಬಿಡಿಸಿ ನೋಡಿ, ಆಮೇಲೆ ಅಂಚಿನಿಂದ ಎತ್ತಿ ಅಥವಾ ಜಾರಿಸಿ ನೋಡಿ. ಇಲ್ಲಿ ಹಿಡಿದಿರುವುದು ನೀರಿನ ಬಲ. ಸೂಕ್ಷ್ಮ ಯಂತ್ರಗಳಲ್ಲಿ ಗಾಳಿಯ ತೇವ ಕೂಡ ಹೀಗೆಯೇ ಕಾಟ ಕೊಡುತ್ತದೆ.

3. ಒಂದು ಲೆಕ್ಕ. ಪ್ರತಿ ಬದಿ 1 ಸೆಂಟಿಮೀಟರ್ ಇರುವ ಬೆಲ್ಲದ ಚೌಕ ಗಟ್ಟಿಯನ್ನು 1 ಮಿಲಿಮೀಟರ್ ಬದಿಯ ಚೂರುಗಳಾಗಿ ಕತ್ತರಿಸಿದರೆ ಎಷ್ಟು ಚೂರು ಬರುತ್ತವೆ? ಎಲ್ಲ ಚೂರುಗಳ ಮೈಯನ್ನು ಕೂಡಿದರೆ ವಿಸ್ತೀರ್ಣ ಮೊದಲಿನ ಎಷ್ಟು ಪಟ್ಟು? ಬೆಲ್ಲ ಅಷ್ಟೇ ಇದೆ, ಆದರೆ ಇರುವೆ ಎಷ್ಟು ಬೇಗ ಮುತ್ತುತ್ತದೆ ಅನ್ನುವುದನ್ನೂ ಯೋಚಿಸಿ. ಉತ್ತರವನ್ನು ಕಾರ್ಡಿನಲ್ಲಿ ಬರೆದು ಕಳಿಸಿ. ದಾರಿ ತೋರಿಸದೆ ಬರೀ ಉತ್ತರ ಬರೆದರೆ ಪೂರ್ತಿ ಅಂಕ ಇಲ್ಲ. ಸರಿ ಉತ್ತರ ಮುಂದಿನ ವಾರ.